ಗ್ರಹಣದ ದಿನ ಹೆಚ್ಚಿದ ಸೀಬೆಹಣ್ಣು

ಹೋದ ವರ್ಷ ಫೆಬ್ರವರಿಯಲ್ಲಿ ತಂಗಿಯ ಮಗನಿಗೆ ಐದು ತುಂಬಿತು. ಹುಟ್ಟುಹಬ್ಬಕ್ಕೆ ಅಂತ ತಿಪಟೂರಿನ ಅವಳ ಮನೆಗೆ ಹೋಗಿದ್ದೆ. ಕೇಕ್ ಕತ್ತರಿಸಿ ಆಗಿತ್ತು. ಮಕ್ಕಳೆಲ್ಲ ಬಲೂನ್ ಒಡೆಯುವ ಗಲಾಟೆಯಲ್ಲಿದ್ದವು. ನಾನೂ ತಂಗಿಯೂ ಹಿತ್ತಲಲ್ಲಿ ಕೂತು ಪೇಪರ್ ಪ್ಲೇಟುಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದೆವು. ಹುಡುಗ ಮೂತಿಗೆಲ್ಲ ಕ್ರೀಮ್ ಮೆತ್ತಿಕೊಂಡು ಓಡಿ ಬಂದ. "ಮಾಮ, ನನ್ ಮೀಸೆ ನೋಡು" ಅಂತ ತೋರಿಸಿ ಅದೇ ಓಟದಲ್ಲಿ ವಾಪಸ್ ಹೋದ. ತಂಗಿ ಅವನ ಹಿಂದೆಯೇ ನೋಡುತ್ತಾ, "ಇವನು ಹುಟ್ಟಿದಾಗ ನಾನು ಮೊದಲು ನೋಡಿದ್ದು ಆ ತುಟೀನೇ ಅಣ್ಣ" ಅಂದಳು. ಗಂಡೋ ಹೆಣ್ಣೋ ಅಂತ ಕೂಡ ಕೇಳಲಿಲ್ಲವಂತೆ. ನರ್ಸ್ ಮಗುವನ್ನು ಪಕ್ಕಕ್ಕೆ ತಂದ ತಕ್ಷಣ, ಡ್ರಿಪ್ ಹಾಕಿದ್ದ ಕೈಯನ್ನೇ ಎತ್ತಿ, ಮೇಲಿನ ತುಟಿಯ ಈ ತುದಿಯಿಂದ ಆ ತುದಿಗೆ ಒಂದು ಬೆರಳು ಎಳೆದು ನೋಡಿದಳಂತೆ. ಯಾಕೆ ಅಂತ ಕೇಳಿದೆ. ನನಗೆ ನಿಜವಾಗಿಯೂ ಹೊಳೆದಿರಲಿಲ್ಲ. "ಗ್ರಹಣದ ದಿನ ನನ್ ಕೈಲಿ ಸೀಬೆಹಣ್ಣು ಹೆಚ್ಚಿಸಿದ್ಯಲ್ಲ" ಅಂದಳು. ನಗುತ್ತಲೇ ಅಂದಳು. ಆಮೇಲೆ ಚೀಲದ ಬಾಯಿ ಕಟ್ಟಿ ಒಳಗೆ ಹೋದಳು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಅವಳಿಗೆ ಅದು ಮುಗಿದ ಕಥೆ. ನನಗೆ ಅಲ್ಲಿಂದ ಶುರುವಾಯಿತು.

ಆ ಬೆಳಿಗ್ಗೆ

2019ರ ಡಿಸೆಂಬರ್ 26, ಗುರುವಾರ. ಮಂಗಳೂರು, ಕೊಡಗಿನ ಕಡೆ ಸೂರ್ಯ ಪೂರ್ತಿ ಬಳೆಯ ಹಾಗೆ ಕಂಡ ಗ್ರಹಣ. ನಮ್ಮ ಕಡೆ ಪೂರ್ತಿ ಬಳೆ ಆಗಲಿಲ್ಲ, ಆದರೂ ಮುಕ್ಕಾಲಿಗಿಂತ ಜಾಸ್ತಿಯೇ ಮುಚ್ಚಿತ್ತು. ಬೆಳಿಗ್ಗೆ ಎಂಟರ ಸುಮಾರಿಗೆ ಹಿಡಿದು, ಒಂಬತ್ತೂವರೆ ಹೊತ್ತಿಗೆ ಬಿಸಿಲು ಒಂಥರಾ ಬೂದಿ ಬಣ್ಣಕ್ಕೆ ತಿರುಗಿ, ಹನ್ನೊಂದು ದಾಟಿದ ಮೇಲೆ ಬಿಟ್ಟಿತು. ನಾನು ಕ್ರಿಸ್‌ಮಸ್ ರಜೆಗೆ ಇನ್ನೊಂದು ದಿನ ಸೇರಿಸಿಕೊಂಡು ಊರಿಗೆ ಬಂದಿದ್ದೆ. ಬೆಂಗಳೂರಿಂದ ಗ್ರಹಣ ನೋಡುವ ರಟ್ಟಿನ ಕನ್ನಡಕ ನಾಲ್ಕು ತಂದಿದ್ದೆ. ತಂಗಿ ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿತ್ತು. ಹೆರಿಗೆಗೆ ಅಂತ ಆಗಲೇ ತವರಿಗೆ ಬಂದಿದ್ದಳು.

ಗ್ರಹಣದ ಶಾಸ್ತ್ರಗಳನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಅಮ್ಮ ನಸುಕಿಗೇ ಎದ್ದು ನೀರಿನ ಬಿಂದಿಗೆಗೆ, ಉಪ್ಪಿನಕಾಯಿ ಭರಣಿಗೆ, ಹಾಲಿನ ಪಾತ್ರೆಗೆ ಒಂದೊಂದು ಗರಿಕೆ ಹಾಕಿದ್ದಳು. ಏಳೂಮುಕ್ಕಾಲಿಗೆ ಒಲೆ ಆರಿತು. ತಂಗಿಯನ್ನು ನಡುಮನೆಯ ಪಕ್ಕದ ಕೋಣೆಗೆ ಕಳಿಸಿ, ಕಿಟಕಿಗೆ ಕಂಬಳಿ ಇಳಿಬಿಟ್ಟಳು. ಬಸುರಿ ಗ್ರಹಣದ ಬೆಳಕಿಗೆ ಬರಬಾರದು, ಏನೂ ತಿನ್ನಬಾರದು, ಮುಖ್ಯವಾಗಿ ಚಾಕು ಕತ್ತರಿ ಮುಟ್ಟಬಾರದು. ಮುಟ್ಟಿದರೆ ಮಗುವಿಗೆ ಸೀಳುತುಟಿ. ಪಕ್ಕದ ಮನೆಯವರು ಹಜಾರದಲ್ಲಿ ತಟ್ಟೆಗೆ ಅರಿಶಿನದ ನೀರು ಹಾಕಿ ಒನಕೆ ನಿಲ್ಲಿಸಿಕೊಂಡು ಕೂತಿದ್ದರು.

ನಾನು ಹಿಂದಿನ ರಾತ್ರಿಯೇ ಸಿದ್ಧವಾಗಿದ್ದೆ. ಫೋನಿನಲ್ಲಿ ಓದಿಕೊಂಡಿದ್ದೆ. ಹೊಟ್ಟೆಯೊಳಗಿನ ಮಗುವಿನ ತುಟಿ ಕೂಡಿಕೊಳ್ಳುವುದು ಬಸಿರಿನ ನಾಲ್ಕರಿಂದ ಏಳನೇ ವಾರದ ಒಳಗೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ತಾವು ಬಸುರಿ ಅಂತಲೇ ಸರಿಯಾಗಿ ಗೊತ್ತಾಗಿರುವುದಿಲ್ಲ. ಏಳನೇ ತಿಂಗಳಲ್ಲಿ ಚಾಕು ಹಿಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇದನ್ನು ಅಮ್ಮನಿಗೆ ಹೇಳಿದೆ. ಹೇಳಿದೆ ಅನ್ನುವುದಕ್ಕಿಂತ ಕೂಗಾಡಿದೆ. ಅಮ್ಮ ಸಮಾಧಾನವಾಗಿಯೇ ಉತ್ತರ ಕೊಟ್ಟಳು. 1980ರ ಫೆಬ್ರವರಿಯ ದೊಡ್ಡ ಗ್ರಹಣ, ಕಾರವಾರ ಹುಬ್ಬಳ್ಳಿ ರಾಯಚೂರಿನ ಕಡೆ ಹಗಲೇ ಕತ್ತಲಾದ ಗ್ರಹಣ, ಅದಾದಾಗ ನಾನು ಅಮ್ಮನ ಹೊಟ್ಟೆಯಲ್ಲಿದ್ದೆ. "ಅವತ್ತು ನಾನೂ ಹಿಂಗೇ ಕೋಣೇಲಿ ಕೂತಿದ್ದೆ. ಹೋಗು, ಕನ್ನಡೀಲಿ ನಿನ್ ತುಟಿ ನೋಡ್ಕೋ" ಅಂದಳು. ಅಂದರೆ ಅಮ್ಮನ ಕಡೆಯ ಸಾಕ್ಷಿ ನನ್ನ ಮುಖದ ಮೇಲೇ ಇತ್ತು. ಅದಕ್ಕೆ ಏನು ಹೇಳಬೇಕೋ ತೋಚಲಿಲ್ಲ. ತೋಚದಿದ್ದಾಗ ದನಿ ಏರುತ್ತದೆ, ಅಲ್ವಾ? ಏರಿತು.

ನಾನೇ ಒಲೆ ಹಚ್ಚಿದೆ. ಈರುಳ್ಳಿ ಹೆಚ್ಚಿ ಉಪ್ಪಿಟ್ಟು ಮಾಡಿದೆ. ಗಂಟುಗಂಟಾಗಿತ್ತು, ಅದು ಬೇರೆ ವಿಷಯ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಬೀದಿಯವರಿಗೆ ಕಾಣುವ ಹಾಗೆ ಕೂತು ತಿಂದೆ. ಆಮೇಲೆ ಕೋಣೆಯ ಬಾಗಿಲು ತೆಗೆದು ತಂಗಿಯನ್ನು ಕರೆದೆ. ಅವಳು ಅಮ್ಮನ ಮುಖ ನೋಡಿದಳು. ನನ್ನ ಮುಖ ನೋಡಿದಳು. ನಾನು ಅವಳಿಗಿಂತ ಹತ್ತು ವರ್ಷ ದೊಡ್ಡವನು, ಅವಳನ್ನು ಡಿಗ್ರಿ ಓದಿಸಿದವನು. ಎದ್ದು ಬಂದಳು. ಹಿತ್ತಲ ಗಿಡದ ಒಂದು ಸೀಬೆಹಣ್ಣು, ಒಂದು ಚಾಕು, ಎರಡನ್ನೂ ತಟ್ಟೆಯಲ್ಲಿಟ್ಟು ಅವಳ ಕೈಗೆ ಕೊಟ್ಟೆ. "ಹೆಚ್ಚು, ಏನಾಗುತ್ತೋ ನೋಡೇ ಬಿಡೋಣ" ಅಂದೆ. ಹೆಚ್ಚಿದಳು. ನಾಲ್ಕು ಹೋಳು. ನಾನು ಅದನ್ನು ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಕೆಳಗೆ ಬರೆದ ಸಾಲು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ: "ಮೂಢನಂಬಿಕೆಗೆ ಚಾಕು". ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತು ಚಿಲ್ಲರೆ ಜನ ನೋಡಿದ್ದರು. ಅವತ್ತು ರಾತ್ರಿಯೇ ರೈಲು ಹತ್ತಿ ಬೆಂಗಳೂರಿಗೆ ಹೊರಟೆ.

ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿದ್ದೆ. ಗ್ರಹಣ ಬಿಟ್ಟು ಎಷ್ಟೋ ಹೊತ್ತಾದ ಮೇಲೆ, ಸಂಜೆ, ನಮ್ಮ ಒನಕೆಯನ್ನೂ ಅಂಗಳದಲ್ಲಿ ನಿಲ್ಲಿಸಿ ತೋರಿಸಿದೆ. ಬುಡ ಸಮ ಇದ್ದರೆ ಯಾವ ದಿನ ಬೇಕಾದರೂ ನಿಲ್ಲುತ್ತದೆ. ಅಮ್ಮ ಹಾಲು ಕರೆಯಲು ಹೊರಟವಳು ಒಂದು ಕ್ಷಣ ನಿಂತು ನೋಡಿ, "ನಿಂತ್ಕೊಳ್ಳುತ್ತೆ ಬಿಡು, ಅದಕ್ಕೇನು" ಅಂತ ಕೊಟ್ಟಿಗೆಗೆ ಹೋದಳು.

ಎರಡು ತಿಂಗಳು

ಹುಟ್ಟುಹಬ್ಬದ ರಾತ್ರಿ ಎಲ್ಲರೂ ಮಲಗಿದ ಮೇಲೆ ತಂಗಿಯನ್ನು ಮತ್ತೆ ಕೇಳಿದೆ. ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ನಾನು ಹೊರಟ ಮೇಲೆ ಅಮ್ಮ ಅವಳಿಗೆ ಒಂದು ಮಾತೂ ಬೈಯಲಿಲ್ಲವಂತೆ. ಬೈದಿದ್ದರೇ ಚೆನ್ನಾಗಿತ್ತು ಅಂದಳು. ಅಮ್ಮ ಸುಮ್ಮನೆ ದೇವರ ಮುಂದೆ ಒಂದು ಕಾಯಿ ತೆಗೆದಿಟ್ಟಿದ್ದಳು. ಅದು ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮಾತಾಡಲಿಲ್ಲ. ಅಲ್ಲಿಂದ ಹೆರಿಗೆಯವರೆಗೆ ಎರಡು ತಿಂಗಳು ತಂಗಿಗೆ ಸರಿಯಾಗಿ ನಿದ್ದೆ ಇಲ್ಲ. ಗಂಡನಿಗೆ ಹೇಳಿದರೆ ಅತ್ತೆಗೆ ಗೊತ್ತಾಗುತ್ತದೆ. ಅತ್ತೆಗೆ ಗೊತ್ತಾಗಿ, ನಾಳೆ ಮಗುವಿಗೆ ಏನೇ ಆದರೂ, ತಪ್ಪು ಇವಳದ್ದೇ ಆಗುತ್ತದೆ. ನನಗೆ ಹೇಳೋಣ ಅಂದರೆ ನಾನು ನಗುತ್ತೇನೆ. "ನೀನು ನಕ್ಕುಬಿಟ್ರೆ ಅಂತ ಭಯ ಆಯ್ತು" ಅಂದಳು. ಈ ಮಾತನ್ನು ನಾನು ಬಹಳ ಸಲ ತಿರುವಿ ಹಾಕಿದ್ದೇನೆ. ಅಮ್ಮನ ಗ್ರಹಣದ ಭಯ ಸಾಲದು ಅಂತ ಅವಳಿಗೆ ನನ್ನ ನಗುವಿನ ಭಯ ಬೇರೆ.

ಐದನೇ ತಿಂಗಳ ಸ್ಕ್ಯಾನಿಂಗ್ ಆಗಿತ್ತಲ್ಲ, ರಿಪೋರ್ಟ್ ಬೀರುವಿನಲ್ಲೇ ಇತ್ತಲ್ಲ, ಅದರಲ್ಲಿ ಮುಖ, ತುಟಿ ಎಲ್ಲ ನೋಡಿ ಬರೆದಿರುತ್ತಾರಲ್ಲ ಅಂತ ಕೇಳಿದೆ. ಅದಕ್ಕೆ ಅವಳು ಕೊಟ್ಟ ಉತ್ತರ ಇದು: "ನೋಡಿದ್ದೆ ಅಣ್ಣ. ಎಷ್ಟು ಸಲ ತೆಗೆದು ನೋಡಿದೀನೋ. ತುಟಿ ನಾರ್ಮಲ್ ಅಂತಾನೇ ಇತ್ತು. ಆದ್ರೆ ಆ ರಿಪೋರ್ಟು ಗ್ರಹಣಕ್ಕೆ ಮುಂಚಿನದಲ್ವಾ?"

ಎಷ್ಟು ಸರಿಯಾದ ಪ್ರಶ್ನೆ ನೋಡಿ. ಅವಳ ಭಯದ ಒಳಗೆ ನಿಂತು ಯೋಚಿಸಿದರೆ ಅದರಲ್ಲಿ ಒಂದು ತಪ್ಪೂ ಇಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಒಂದು ವಾಕ್ಯ. ಒಮ್ಮೆ ಕೂಡಿಕೊಂಡ ತುಟಿ ಮತ್ತೆ ಬಿಟ್ಟುಕೊಳ್ಳುವುದಿಲ್ಲ. ಇಷ್ಟೇ. ಇದು ನನಗೆ ಗೊತ್ತಿತ್ತು. ಹಿಂದಿನ ರಾತ್ರಿಯೇ ಓದಿದ್ದೆ. ಅಮ್ಮನ ಮೇಲೆ ಎಸೆಯುವುದಕ್ಕೆ ಅದನ್ನು ಬಳಸಿದೆ. ತಂಗಿಯ ಪಕ್ಕದಲ್ಲಿ ಕೂತು, ಆ ರಿಪೋರ್ಟ್ ಕೈಯಲ್ಲಿ ಹಿಡಿದು, ಮೆಲ್ಲಗೆ ಹೇಳುವುದಕ್ಕೆ ಬಳಸಲಿಲ್ಲ. ಅವಳು ಕೋಣೆಯೊಳಗಿನಿಂದ ನಮ್ಮ ಜಗಳ ಕೇಳಿಸಿಕೊಂಡಿದ್ದಳು. ಜಗಳದಲ್ಲಿ ಕಿವಿಗೆ ಬೀಳುವುದು ದನಿ ಮಾತ್ರ. ವಾರದ ಲೆಕ್ಕ ಯಾರಿಗೆ ಕೇಳುತ್ತದೆ?

ನಂಬಿಕೆ ಅನ್ನುವ ಪದಕ್ಕೆ ನಮ್ಮಲ್ಲಿ ಎರಡು ಕೆಲಸ. ದೇವರ ಮೇಲೆ, ಶಾಸ್ತ್ರದ ಮೇಲೆ ಇರುವುದೂ ನಂಬಿಕೆ. ಒಬ್ಬ ಮನುಷ್ಯನ ಮೇಲೆ ಇರುವುದೂ ನಂಬಿಕೆ. ತಂಗಿ ಅವತ್ತು ಸೀಬೆಹಣ್ಣು ಹೆಚ್ಚಿದ್ದು ಮೊದಲನೆಯ ನಂಬಿಕೆ ಹೋಗಿದ್ದರಿಂದ ಅಲ್ಲ, ಎರಡನೆಯದು ಇದ್ದದ್ದರಿಂದ. ಅಣ್ಣ ಹೇಳಿದ ಅಂತ ಹೆಚ್ಚಿದಳು. ಅಮ್ಮ ಹೇಳಿದಳು ಅಂತ ಕೋಣೆಗೆ ಹೋಗಿದ್ದಳು. ಅವಳಿಗೇನು ಅನ್ನಿಸುತ್ತದೆ ಅಂತ ಅಮ್ಮನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಟ್ಟೆ ಮಾತ್ರ ಅವಳದ್ದು.

ಹಡಗಿನ ಮಾಲೀಕ

ಇದನ್ನೆಲ್ಲ ಯೋಚಿಸುವಾಗ ಕಾಲೇಜಿನಲ್ಲಿ ಓದಿದ್ದ ಒಂದು ಕಥೆ ನೆನಪಾಯಿತು. ವಿಲಿಯಂ ಕ್ಲಿಫರ್ಡ್ ಅಂತ ಇಂಗ್ಲೆಂಡಿನ ಗಣಿತಜ್ಞ. 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ರಿಪೇರಿ ಆಗಬೇಕು ಅಂತ ಒಳಗೊಳಗೇ ಅನುಮಾನ. ಆದರೆ ರಿಪೇರಿಗೆ ದುಡ್ಡು ಬೇಕು. ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತದೆ, ದೇವರಿದ್ದಾನೆ ಅಂತ ತನಗೆ ತಾನೇ ಹೇಳಿಕೊಂಡು, ಕೊನೆಗೆ ನಿಜವಾಗಿಯೂ ನಂಬಿ, ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಇವನಿಗೆ ವಿಮೆಯ ಹಣ ಬರುತ್ತದೆ. ಅವನು ಮನಸ್ಸಾರೆ ನಂಬಿದ್ದ, ನಿಜ, ಆದರೂ ಆ ಸಾವುಗಳಿಗೆ ಅವನೇ ಹೊಣೆ ಅನ್ನುತ್ತಾನೆ ಕ್ಲಿಫರ್ಡ್. ಆಮೇಲೆ ಬರುತ್ತದೆ ನೋಡಿ ಅಸಲಿ ತಿರುವು. ಹಡಗು ಮುಳುಗದೆ ಸುಖವಾಗಿ ದಡ ಸೇರಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಅವನ ತಪ್ಪು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಯಾಕೆಂದರೆ ನೋಡಬೇಕಾದದ್ದು ಅವನು ಆ ನಂಬಿಕೆಗೆ ಹೇಗೆ ಬಂದ ಅನ್ನುವುದನ್ನು.

(ಕ್ಲಿಫರ್ಡ್‌ಗೆ ಹಡಗು ಬರೀ ಉದಾಹರಣೆ ಆಗಿರಲಿಲ್ಲ. 1870ರ ಡಿಸೆಂಬರಿನಲ್ಲಿ ಇಟಲಿ ಕಡೆಗೆ ಹೊರಟಿದ್ದ ಒಂದು ತಂಡದಲ್ಲಿ ಅವನಿದ್ದ. ಸಿಸಿಲಿ ಹತ್ತಿರ ಹಡಗು ಒಡೆದು ಜೀವ ಉಳಿಸಿಕೊಂಡು ಬಂದ. ಆ ತಂಡ ಹೊರಟಿದ್ದು ಯಾಕೆ ಗೊತ್ತಾ? ಸೂರ್ಯಗ್ರಹಣ ನೋಡಲಿಕ್ಕೆ! ಇದು ಗೊತ್ತಾದಾಗ ನಾನು ಒಬ್ಬನೇ ಕೂತು ನಕ್ಕಿದ್ದೆ.)

ಮೊದಲ ಸಲ ಓದಿದಾಗ ನನಗೆ ಆ ಮಾಲೀಕ ಅಂದರೆ ಅಮ್ಮ, ಅಜ್ಜಿ, ಊರಿನ ಜೋಯಿಸರು ಅಂತಲೇ ಕಂಡಿದ್ದು. ಸಾಕ್ಷಿ ಇಲ್ಲದೆ ನಂಬುವವರು. ಈ ಸಲ ದಡ ಸೇರಿದ ಹಡಗಿನ ಹತ್ತಿರ ಬಂದು ನಿಂತುಬಿಟ್ಟೆ. ಮಗು ಚೆನ್ನಾಗಿಯೇ ಹುಟ್ಟಿತು. "ನೋಡಿದ್ಯಾ, ಏನೂ ಆಗ್ಲಿಲ್ಲ" ಅಂತ ನಾನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೂ ನೆನಪಿದೆ. ಗ್ರಹಣದ ಬಗ್ಗೆ ನಾನು ಹೇಳಿದ್ದು ಸರಿಯೇ. ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ ಅಂಗಳದಲ್ಲಿ ಇನ್ನೊಂದು ನಂಬಿಕೆಯೂ ನನ್ನ ತಲೆಯಲ್ಲಿತ್ತು. ಇವಳು ಹಣ್ಣು ಹೆಚ್ಚಿದಳು, ಅಂದರೆ ಇವಳ ಭಯ ಹೋಯಿತು ಅನ್ನುವುದು. ಅದಕ್ಕೆ ನನ್ನ ಹತ್ತಿರ ಏನು ಸಾಕ್ಷಿ ಇತ್ತು? ಪಕ್ಕದಲ್ಲೇ ಇದ್ದವಳನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದ್ದರೆ ವಿಡಿಯೋ ಕೆಡುತ್ತಿತ್ತು.

ಕ್ಲಿಫರ್ಡ್‌ನ ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಹಳ್ಳಿಯ ರೈತನಿಗೂ, ದುಡಿದು ಸುಸ್ತಾದ ಹೆಂಗಸಿಗೂ ಈ ಹೊಣೆಯಿಂದ ವಿನಾಯಿತಿ ಇಲ್ಲ ಅನ್ನುತ್ತಾನೆ. ಸ್ವಲ್ಪ ಜಾಸ್ತಿಯಾಯಿತು ಅದು. ನಾನು ಸೀಬೆಹಣ್ಣಿನ ಆಟ ಆಡುತ್ತಿದ್ದ ಅದೇ ಬೆಳಿಗ್ಗೆ, ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೂತರೆ ಕೈಕಾಲು ಸರಿಹೋಗುತ್ತದೆ ಅನ್ನುವ ನಂಬಿಕೆ. ಮಧ್ಯಾಹ್ನ ಟಿವಿಯಲ್ಲಿ ಅದನ್ನೇ ತೋರಿಸುತ್ತಿದ್ದರು. ಮಣ್ಣಿನ ಮೇಲೆ ಬರೀ ತಲೆಗಳು, ಅಳುತ್ತಿರುವ ಮುಖಗಳು. ನಾನು ಅಮ್ಮನನ್ನು ಕರೆದು, "ನೋಡು, ನಿನ್ ಶಾಸ್ತ್ರ ಎಲ್ಲಿಗೆ ತಂದು ನಿಲ್ಲಿಸುತ್ತೆ" ಅಂದೆ. ಅಮ್ಮ ಕಣ್ಣಲ್ಲಿ ನೀರು ತಂದುಕೊಂಡು, "ಆ ಹೆತ್ತೋರು ಇನ್ನೆಷ್ಟು ಆಸ್ಪತ್ರೆ ತಿರುಗಿದ್ರೋ" ಅಂದಳು. ಆಗ ಅದು ನನಗೆ ಮಾತು ತಪ್ಪಿಸಿದ ಹಾಗೆ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ. ಆ ಮಕ್ಕಳನ್ನು ಮಣ್ಣಿನಿಂದ ತೆಗೆಯಲೇಬೇಕು, ತಕ್ಷಣ, ಅಪ್ಪ ಅಮ್ಮನ ಮಾತು ಕೇಳುತ್ತಾ ಕೂರುವುದಲ್ಲ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತಿರದಲ್ಲಿ ಫಿಸಿಯೋಥೆರಪಿ ಸಿಗುವ ಊರಿನವನ ಅಜ್ಞಾನವನ್ನೂ, ಏನೂ ಸಿಗದ ಊರಿನವರ ಅಜ್ಞಾನವನ್ನೂ ಒಂದೇ ತಕ್ಕಡಿಗೆ ಹಾಕಲು ನನ್ನ ಕೈ ಬರುವುದಿಲ್ಲ.

ನಮ್ಮ ಸರ್ಕಾರದ ಕಾಯಿದೆಯೂ ಒಂದು ಗೆರೆ ಎಳೆದಿದೆ. 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಆ ಅಮಾನವೀಯ ಪದ್ಧತಿಗಳ ತಡೆ ಕಾಯಿದೆ. ಅಂದರೆ ಆ ಗ್ರಹಣ ಆಗಿ ಕೆಲವೇ ದಿನಕ್ಕೆ. ಎಂಜಲೆಲೆ ಮೇಲೆ ಉರುಳುವ ಮಡೆಸ್ನಾನದಂಥವನ್ನು ಅದು ನಿಷೇಧಿಸಿತು. ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಮುಟ್ಟಲಿಲ್ಲ. ಅರೆಬರೆ ಕಾಯಿದೆ ಅಂತ ಬೈದವರಲ್ಲಿ ನಾನೂ ಒಬ್ಬ. ಈಗ ನನಗೆ ಆ ಗೆರೆಯ ತರ್ಕ ಒಂದಷ್ಟು ಅರ್ಥವಾಗುತ್ತದೆ. ಮೈಗೆ, ಮರ್ಯಾದೆಗೆ ಪೆಟ್ಟು ಬೀಳುವ ಕಡೆ ಪೊಲೀಸರು ಬರಲಿ. ಕಿಟಕಿಗೆ ಕಂಬಳಿ ಕಟ್ಟುವ ಮನೆಗೆ ಪೊಲೀಸರು ಬಂದು ಏನು ಮಾಡುತ್ತಾರೆ? ಅಲ್ಲಿಗೆ ಬರಬೇಕಾದವನು ಅಣ್ಣ. ಆ ಅಣ್ಣ ಬಂದಿದ್ದ, ಕೈಯಲ್ಲಿ ಫೋನ್ ಹಿಡಿದು.

ಯಾರ ಮುಂದೆ ಧೈರ್ಯ

ನಮ್ಮ ವಯಸ್ಸಿನ ಹುಡುಗರಿಗೆ ಎಚ್. ನರಸಿಂಹಯ್ಯನವರು, ಅಂದರೆ ಎಚ್ಚೆನ್, ಹೀರೋ. ಗೌರಿಬಿದನೂರು ಕಡೆಯ ಹೊಸೂರಿನ ಬಡ ಮನೆಯಿಂದ ಬಂದು, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರ ಓದಿ, ವಾಪಸ್ ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದ ಖಾದಿ ಪಂಚೆಯ ಮನುಷ್ಯ. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಅನ್ನುವುದನ್ನು ಜೀವನವಿಡೀ ಹೇಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿ, ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದರು. ಉತ್ತರ ಬರಲಿಲ್ಲ. ಮಂತ್ರಿಗಳು, ನ್ಯಾಯಾಧೀಶರು ಸಾಲು ನಿಂತು ಕಾಲಿಗೆ ಬೀಳುತ್ತಿದ್ದ ಕಾಲ ಅದು. ಎಚ್ಚೆನ್ ಹೆಸರು ಹೇಳಿಕೊಂಡೇ ನಾನೂ ಅಂಗಳದಲ್ಲಿ ಉಪ್ಪಿಟ್ಟು ತಿಂದದ್ದು. ಆದರೆ ಅವರು ಪ್ರಶ್ನೆ ಕೇಳಿದ್ದು ತಮಗಿಂತ ಎಷ್ಟೋ ಪಾಲು ಬಲ ಇದ್ದವರನ್ನು. ನಾನು ಕೇಳಿದ್ದು ಅಮ್ಮನನ್ನು, ಬಸುರಿ ತಂಗಿಯನ್ನು. ಮೇಲಿನವರನ್ನು ಕೇಳಿದರೆ ಏನಾಗಬಹುದು ಅನ್ನುವುದು 2013ರಲ್ಲಿ ಪುಣೆಯಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್, 2015ರಲ್ಲಿ ಧಾರವಾಡದ ತಮ್ಮ ಮನೆ ಬಾಗಿಲಲ್ಲೇ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದಾಗ ನಮಗೆಲ್ಲ ಗೊತ್ತಾಗಿದೆ.

ಹಾಗಾದರೆ ಯಾರ ನಂಬಿಕೆಯನ್ನೂ ಮುಟ್ಟದೆ ತೆಪ್ಪಗಿರಬೇಕಾ? ಅದನ್ನೂ ಮಾಡಿ ನೋಡಿದ್ದೇನೆ. ಬೆಂಗಳೂರಿನಲ್ಲಿ ಹಿಂದೆ ಬಾಡಿಗೆಗಿದ್ದ ಮನೆಯ ಓನರ್‌ಗೆ ಹಣೆಯ ಮೇಲೆ ಸರ್ಪಸುತ್ತು ಆಯಿತು. ಕಣ್ಣಿನ ರೆಪ್ಪೆವರೆಗೂ ಗುಳ್ಳೆ ಬಂದಿತ್ತು. ಯಾರೋ ಮಂತ್ರ ಹಾಕಿ ಕೆಮ್ಮಣ್ಣು ಹಚ್ಚುತ್ತಾರೆ ಅಂತ ದಿನಾ ಆಟೋದಲ್ಲಿ ಹೋಗಿ ಬರುತ್ತಿದ್ದರು. ಇದಕ್ಕೆ ಮಾತ್ರೆ ಇದೆ, ಮೂರು ದಿನದೊಳಗೆ ಶುರು ಮಾಡಿದರೆ ಒಳ್ಳೆಯದು, ಕಣ್ಣಿನ ಹತ್ತಿರ ಬಂದರೆ ಕಣ್ಣಿನ ಡಾಕ್ಟರಿಗೇ ತೋರಿಸಬೇಕು, ಎಲ್ಲ ನನಗೆ ಗೊತ್ತಿತ್ತು. ಮೆಟ್ಟಿಲ ಹತ್ತಿರ ಎದುರಾದಾಗ "ಹುಷಾರು ಸಾರ್" ಅಂದೆ, ಅಷ್ಟೇ. ಅವರವರ ನಂಬಿಕೆ ಅವರವರಿಗೆ ಅಂತ ನನಗೆ ನಾನೇ ದೊಡ್ಡ ಮನಸ್ಸಿನ ಮಾತು ಹೇಳಿಕೊಂಡೆ. ಅಡ್ವಾನ್ಸ್ ಹಣ ಅವರ ಹತ್ತಿರ ಇತ್ತು, ಮುಂದಿನ ತಿಂಗಳು ಅಗ್ರಿಮೆಂಟ್ ಮುಗಿಯುತ್ತಿತ್ತು, ಅದು ನಿಜವಾದ ಕಾರಣ. ಅವರಿಗೆ ಆ ಕಣ್ಣು ಇವತ್ತಿಗೂ ಮಂಜು ಮಂಜು. ಅಮ್ಮನ ಮುಂದೆ ಸಿಂಹ, ಓನರ್ ಮುಂದೆ ಬೆಕ್ಕು.

ಗಾಜಿನ ಲೋಟ

ಇನ್ನು ನನ್ನದೇ ನಂಬಿಕೆಗೆ ಯಾರಾದರೂ ಚಾಕು ಹಾಕಿದರೆ ಹೇಗಿರುತ್ತದೆ? ಅದೂ ಆಗಿದೆ.

ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ರೂಮಿನವನಾಗಿದ್ದ ಗೆಳೆಯ ಒಬ್ಬ 2003ರಲ್ಲಿ ನಮ್ಮೂರ ಜಾತ್ರೆಗೆ ಬಂದಿದ್ದ. ಎರಡು ದಿನ ಇದ್ದ. ನಮ್ಮ ಮನೆಯಲ್ಲಿ ಜಾತಿಗೀತಿ ಏನಿಲ್ಲ ಅಂತ ನಾನು ಹಾಸ್ಟೆಲಿನಲ್ಲಿ ಯಾವಾಗಲೂ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುತ್ತಿದ್ದೆ ಅಂತಲ್ಲ, ನಂಬಿದ್ದೆ. ಅಮ್ಮ ಅವನಿಗೆ ಹೋಳಿಗೆ ಮೇಲೆ ಹೋಳಿಗೆ ಬಡಿಸಿದ್ದಳು, ಹೋಗುವಾಗ ಕೊಬ್ಬರಿ ಕಟ್ಟಿ ಕೊಟ್ಟಿದ್ದಳು. ಹನ್ನೊಂದು ವರ್ಷ ಆದ ಮೇಲೆ, ಒಂದು ಸಂಜೆ ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುತ್ತಾ ಜಾತಿಯ ಬಗ್ಗೆ ಏನೋ ಮಾತು ಬಂತು. ನಾನು ಮತ್ತೆ ಅದೇ ಮಾತು ಹೇಳಿದೆ. ಅವನು ಕಾಫಿ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. "ನಿಮ್ಮನೇಲಿ ಎಲ್ಲರೂ ಕಾಫಿ ಕುಡೀತಿದ್ದಿದ್ದು ಸ್ಟೀಲ್ ಲೋಟದಲ್ಲಿ. ನನಗೆ ಮಾತ್ರ ಗಾಜಿನ ಲೋಟ. ಎರಡು ದಿನವೂ ಅದೇ. ಕುಡಿದ ಮೇಲೆ ಅದು ಅಡುಗೆಮನೆಗೆ ಹೋಗ್ತಿರ್ಲಿಲ್ಲ ಕಣೋ. ಕೊಟ್ಟಿಗೆ ಗೋಡೆ ಗೂಡಲ್ಲಿ ಇರ್ತಿತ್ತು" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ಟೈಮ್ ಹೇಳಿದ ಹಾಗೆ ಹೇಳಿದ.

ನಾನು ತಕ್ಷಣ ಏನು ಮಾಡಿದೆ ಗೊತ್ತಾ? ವಾದ ಮಾಡ್ದೆ. ಜಾತ್ರೆ ಅಲ್ವಾ, ಜನ ಜಾಸ್ತಿ, ಲೋಟ ಸಾಲದೇ ಇತ್ತೇನೋ ಅಂದೆ. ಗಾಜಿನ ಲೋಟ ಅಂದರೆ ನಮ್ಮಮ್ಮನಿಗೆ ನೆಂಟರಿಗೆ ಕೊಡುವ ಒಳ್ಳೆ ಲೋಟ ಅಂತ ಕೂಡ ಅಂದೆ. ಒಂದಾದ ಮೇಲೊಂದು ಕಾರಣ ತಾವಾಗಿಯೇ ಬಾಯಿಗೆ ಬಂದವು, ಯಾವುದನ್ನೂ ಹುಡುಕಬೇಕಾಗಲಿಲ್ಲ. ಅವನು ಎಲ್ಲ ಕೇಳಿಸಿಕೊಂಡ. ಗೂಡಿನಲ್ಲಿದ್ದ ಆ ಲೋಟ ನನಗೆ ಚೆನ್ನಾಗಿ ಗೊತ್ತು. ಕಾಯಿ ಕೀಳುವವರು ಬಂದಾಗ, ತೋಟದ ಆಳುಗಳು ಬಂದಾಗ ಅದು ಕೆಳಗಿಳಿಯುತ್ತಿತ್ತು. ಚಿಕ್ಕಂದಿನಿಂದ ದಿನಾ ನೋಡಿದ್ದೇನೆ. ನೋಡಿಯೂ ಅದು ಯಾಕೆ ಅಲ್ಲಿರುತ್ತದೆ ಅಂತ ಒಂದು ದಿನ ಕೇಳಿರಲಿಲ್ಲ. ಒನಕೆ ಯಾಕೆ ನಿಲ್ಲುತ್ತದೆ ಅಂತ ಕೇಳಿದವನು ಲೋಟ ಯಾಕೆ ಗೂಡಿನಲ್ಲಿದೆ ಅಂತ ಕೇಳಲಿಲ್ಲ. ಗ್ರಹಣವನ್ನು ಬಿಡುವುದಕ್ಕೆ ನನಗೆ ಕೈಯಿಂದ ಏನೂ ಹೋಗುತ್ತಿರಲಿಲ್ಲ, ಎಪ್ಪತ್ತು ಜನ ಮೆಚ್ಚುತ್ತಿದ್ದರು. ನಮ್ಮದು ಒಳ್ಳೆಯ ಮನೆ ಅನ್ನುವುದನ್ನು ಬಿಡುವುದು ಹಾಗಲ್ಲ. ಆ ನಂಬಿಕೆಯ ಖರ್ಚು ಹನ್ನೊಂದು ವರ್ಷ ಅವನ ಲೆಕ್ಕದಲ್ಲಿತ್ತು.

ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೊನೆಗೆ ಕೇಳಿದೆ. "ಹೇಳಿದ್ರೆ ನೀನು ಎಲ್ಲರ ಮುಂದೆ ನಿಮ್ಮಮ್ಮನ ಮೇಲೆ ಹಾರಾಡ್ತಿದ್ದೆ. ಆಮೇಲೆ ನಾನು ಆ ಮನೇಲಿ ಊಟಕ್ಕೆ ಹೇಗೆ ಕೂರ್ಲಿ?" ಅಂದ. ನನ್ನನ್ನು ನನಗಿಂತ ಚೆನ್ನಾಗಿ ಬಲ್ಲವನು. ಇದು 2014ರ ಮಾತು. ಇಷ್ಟಾದ ಮೇಲೂ 2019ರಲ್ಲಿ ನಾನು ಅಂಗಳದಲ್ಲಿ ಹಾರಾಡಿದ್ದೇನೆ ಅಂದರೆ ಕಲಿತದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಲೋಟದ ವಿಷಯ ಅಮ್ಮನ ಹತ್ತಿರ ಮಾತಾಡಲು ಮಾತ್ರ ಇನ್ನೂ ಎರಡು ವರ್ಷ ಹಿಡಿಯಿತು. ಆ ಸಲ ಕೂಗಲಿಲ್ಲ. ಅಮ್ಮ ಮೊದಲು ಇಲ್ಲ ಅಂದಳು, ಆಮೇಲೆ ಜಾತ್ರೆ ಗಡಿಬಿಡಿ ಅಂದಳು. ನಾನು ಗಾಂಧಿಬಜಾರಿನಲ್ಲಿ ಹೇಳಿದ ಕಾರಣಗಳೇ, ಅದೇ ಕ್ರಮದಲ್ಲಿ. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದು, "ಆ ಹುಡುಗನಿಗೆ ಗೊತ್ತಾಗಿತ್ತಾ?" ಅಂತ ಕೇಳಿದಳು. ಗೂಡು ಈಗ ಖಾಲಿ. ಅಮ್ಮ ಪೂರ್ತಿ ಬದಲಾಗಿದ್ದಾಳೆ ಅಂತ ಬರೆಯಲಾರೆ. ಈಗ ಎಲ್ಲರಿಗೂ ಪೇಪರ್ ಕಪ್. ಅದರ ಅರ್ಥ ಏನು ಅಂತ ನನಗೆ ಪೂರ್ತಿ ಗೊತ್ತಿಲ್ಲ, ಕೇಳಲೂ ಹೆದರಿಕೆ.

ಆ ವಿಡಿಯೋ ನನ್ನ ಹಳೆಯ ಫೋನಿನಲ್ಲಿ ಇನ್ನೂ ಇದೆ. ಹುಟ್ಟುಹಬ್ಬದಿಂದ ಬಂದ ಮೇಲೆ ಚಾರ್ಜರ್ ಹುಡುಕಿ, ಹಾಕಿ, ನೋಡಿದೆ. ನಲವತ್ತು ಸೆಕೆಂಡೂ ಇಲ್ಲ. ನನ್ನ ದನಿಯೇ ಜಾಸ್ತಿ ಕೇಳುತ್ತದೆ. ಚಾಕು ಹಣ್ಣಿನ ಮೇಲೆ ಬಂದು ನಿಲ್ಲುತ್ತದೆ, ಇಳಿಯುವುದಿಲ್ಲ. ತಂಗಿಯ ಎಡಗೈ ತಟ್ಟೆ ಬಿಟ್ಟು ಹೊಟ್ಟೆಯ ಮೇಲೆ ಹೋಗುತ್ತದೆ. ಅಲ್ಲಿ ಒಂದು ಕ್ಷಣ ಇದ್ದು ವಾಪಸ್ ಬರುತ್ತದೆ. ಆಮೇಲೆ ಹೆಚ್ಚುತ್ತಾಳೆ. ಎಪ್ಪತ್ತು ಚಿಲ್ಲರೆ ಜನ ನೋಡಿದ್ದರಲ್ಲ, ಅವರಲ್ಲಿ ಯಾರಿಗಾದರೂ ಆ ಕೈ ಕಂಡಿತ್ತೋ ಏನೋ. ತೆಗೆದ ನನಗೆ ಕಂಡಿರಲಿಲ್ಲ.

ಹೋದ ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಪೂರ್ತಿ ಚಂದ್ರಗ್ರಹಣ ಇತ್ತು. ಹತ್ತು ಗಂಟೆ ಹೊತ್ತಿಗೆ ಹಿಡಿದು, ಹನ್ನೊಂದರ ಮೇಲೆ ಚಂದ್ರ ತಾಮ್ರದ ಬಣ್ಣಕ್ಕೆ ತಿರುಗುವುದು. ಹತ್ತೂಕಾಲಿಗೆ ತಂಗಿಯ ಫೋನ್ ಬಂತು. ಅಮ್ಮನೂ ಅಲ್ಲೇ ಇದ್ದಳು, ನೀರಿಗೆಲ್ಲ ಗರಿಕೆ ಬಿದ್ದಾಗಿತ್ತು. ಹುಡುಗ ನಿದ್ದೆ ಮಾಡದೆ ಮಹಡಿ ಮೇಲೆ ಹತ್ತಿ ಮೋಡ ಯಾವಾಗ ಸರಿಯುತ್ತೆ ಅಂತ ಕುಣಿಯುತ್ತಿದ್ದ. "ಅಣ್ಣ, ಇವನಿಗೆ ಹಸಿವಂತೆ. ಬಾಳೆಹಣ್ಣು ಕೇಳ್ತಿದಾನೆ. ಕೊಡ್ಲಾ?" ಅಂದಳು. ಕೊಡು, ಏನಾಗುತ್ತೆ ಅನ್ನುವುದು ನಾಲಿಗೆ ತುದಿವರೆಗೆ ಬಂದಿತ್ತು. ನುಂಗಿಕೊಂಡು, "ನಿಂಗೇನನ್ಸುತ್ತೆ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಏನೂ ಆಗಲ್ಲ ಅಂತ ಗೊತ್ತು. ಆದ್ರೂ ಒಂಚೂರು ಭಯ ಇದೆ" ಅಂದಳು. ಸರಿ, ಯಾವ ಭಯ ಅಂತ ಹೇಳು ಅನ್ನುವಷ್ಟರಲ್ಲಿ ಅವಳು ಜೋರಾಗಿ ನಗತೊಡಗಿದಳು. ಇವನು ಆಗಲೇ ಅಜ್ಜಿ ಹತ್ತಿರ ಹೋಗಿ ಸಿಪ್ಪೆ ಸುಲಿಸಿಕೊಂಡು ಬಂದಿದ್ದ.